ರೇಚೆಲ್ ಕಾರ್ಸನ್ ಮತ್ತು ಮನೆಯೊಳಗಿನ ವಿಷ

ಭತ್ತದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಔಷಧಿ ಎಂಬ ಮಾತಿಗೆ ಎರಡು ಅರ್ಥಗಳುಂಟು. ಜ್ವರ ಬಂದಾಗ ಆಸ್ಪತ್ರೆಯಿಂದ ತರುವುದೂ ಔಷಧಿಯೇ; ಪೈರಿಗೆ ಹುಳು ಬಿದ್ದಾಗ ಅಂಗಡಿಯಿಂದ ತಂದು ಹೊಡೆಯುವುದೂ ಔಷಧಿಯೇ. ಹೊಸ ಅಗ್ರಹಾರದ ಸುತ್ತಿನ ಗದ್ದೆಗಳಲ್ಲಾಗಲಿ, ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಾಗಲಿ, ಹೆಗ್ಗಡದೇವನಕೋಟೆಯ ಹತ್ತಿಯ ಹೊಲಗಳಲ್ಲಾಗಲಿ ಈ ಎರಡನೆಯ ಔಷಧಿ ಇಲ್ಲದೆ ಬೆಳೆಯಿಲ್ಲ ಎಂಬ ನಂಬಿಕೆ ಬೇರೂರಿದೆ. ಹೊಲದಲ್ಲಿ ಹೊಡೆದು ಉಳಿದದ್ದು ಮನೆಗೆ ಬರುತ್ತದೆ. ಅಟ್ಟದ ಮೇಲೋ, ಕೊಟ್ಟಿಗೆಯ ಗೂಡಿನಲ್ಲೋ, ಬಿತ್ತನೆಯ ರಾಗಿಯ ಮಗ್ಗುಲಲ್ಲೋ ಅದಕ್ಕೊಂದು ಜಾಗ ಸಿಗುತ್ತದೆ. ಡಬ್ಬಿ ಖಾಲಿಯಾದರೆ ಎಸೆಯಲು ಮನಸ್ಸು ಬಾರದು. ಗಟ್ಟಿಮುಟ್ಟಾದ ಡಬ್ಬಿ ಯಾವುದಕ್ಕಾದರೂ ಒದಗೀತೆಂದು ತೊಳೆದು ಇಟ್ಟುಕೊಳ್ಳುವವರಿದ್ದಾರೆ. ಬಿಹಾರದ ಛಪ್ರಾ ಬಳಿಯ ಹಳ್ಳಿಯ ಶಾಲೆಯೊಂದರಲ್ಲಿ 2013ರ ಜುಲೈ ತಿಂಗಳಲ್ಲಿ ಬಿಸಿಯೂಟ ಮಾಡಿದ 23 ಮಕ್ಕಳು ಪ್ರಾಣ ಬಿಟ್ಟುದಕ್ಕೆ ಅಡಿಗೆಯ ಎಣ್ಣೆಯೊಡನೆ ಬೆರೆತಿದ್ದ ಮಾನೊಕ್ರೋಟೊಫಾಸ್ ಎಂಬ ಕೀಟನಾಶಕವೇ ಕಾರಣವೆಂದು ತನಿಖೆಯಿಂದ ತಿಳಿದುಬಂದಿತು.

ವಿಷವನ್ನು ವಿಷವೆಂದು ಕರೆಯದಿರುವ ಈ ರೂಢಿ ನಮ್ಮದು ಮಾತ್ರವಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕೆಯ ಮನೆಮನೆಯಲ್ಲಿಯೂ ಇಂತಹುದೇ ಭ್ರಾಂತಿ ಹಬ್ಬಿದ್ದಿತು. ಓದುಬರಹ ಬಲ್ಲ, ಮಕ್ಕಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದ ತಂದೆತಾಯಿಗಳೇ ತಮ್ಮ ಅಡಿಗೆಮನೆಯನ್ನೂ ಮಲಗುವ ಕೋಣೆಯನ್ನೂ ಕೈಯಾರ ವಿಷದಿಂದ ಸಾರಿಸುತ್ತಿದ್ದರು. ಆ ಭ್ರಾಂತಿಯನ್ನು ಬಿಡಿಸಿದವಳು ರೇಚೆಲ್ ಕಾರ್ಸನ್. ಆಕೆಯನ್ನು ಕಡಲಿನ ಕವಿಯೆಂದು ಹೊಗಳುವವರಿದ್ದಾರೆ. ಪರಿಸರ ಚಳವಳಿಯ ತಾಯಿಯೆಂದು ಪೂಜಿಸುವವರಿದ್ದಾರೆ. ಎರಡೂ ಸಲ್ಲುವ ಮಾತೇ. ಆದರೆ ಆಕೆ ತನ್ನ ಆಯುಷ್ಯದ ಬಹುಭಾಗ ಒಂದು ಸಂಸಾರದ ನೊಗವನ್ನು ಹೊತ್ತವಳು, ನಡುವಯಸ್ಸಿನಲ್ಲಿ ಒಬ್ಬ ಹುಡುಗನಿಗೆ ತಾಯಾದವಳು ಎಂಬುದನ್ನು ಬದಿಗಿಟ್ಟರೆ ಆಕೆಯ ಗ್ರಂಥದ ಶಕ್ತಿ ಎಲ್ಲಿಂದ ಬಂದಿತೆಂಬುದು ತಿಳಿಯುವುದಿಲ್ಲವೆಂದು ನನಗೆ ತೋರುತ್ತದೆ.

ರೇಚೆಲ್ ಹುಟ್ಟಿದುದು 1907ರ ಮೇ 27ರಂದು, ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಅಲಿಘೆನಿ ನದಿಯ ದಡದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ತಂದೆ ರಾಬರ್ಟನಿಗೆ ಅರವತ್ತು ಎಕರೆಗೂ ಮೇಲ್ಪಟ್ಟು ಜಮೀನಿದ್ದಿತು. ಅದನ್ನು ನಿವೇಶನಗಳಾಗಿ ಮಾರಿ ಹಣವಂತನಾಗಬೇಕೆಂಬ ಅವನ ಆಸೆ ಫಲಿಸಲಿಲ್ಲ. ಮನೆಯಲ್ಲಿ ನಲ್ಲಿಯಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಇದ್ದುದೆಂದರೆ ತೋಪು, ಹೊಲ, ಹಕ್ಕಿಗಳು, ಮತ್ತು ತಾಯಿ ಮರಾಯಾ. ಪಾದ್ರಿಯ ಮಗಳಾದ ಆಕೆ ಮದುವೆಗೆ ಮುಂಚೆ ಉಪಾಧ್ಯಾಯಿನಿಯಾಗಿದ್ದವಳು. ಮನೆಯೊಳಗೆ ಬಂದ ಹುಳುಹುಪ್ಪಟೆಯನ್ನೂ ಕೊಲ್ಲದೆ ಹಿಡಿದು ಹೊರಗೆ ಬಿಡುವುದು ಆಕೆಯ ಪದ್ಧತಿ. ಮಕ್ಕಳು ಕಾಡಿನಿಂದ ಏನನ್ನಾದರೂ ತಂದರೆ ನೋಡಿ ನಲಿದ ಮೇಲೆ ಇದ್ದಲ್ಲಿಗೇ ಮರಳಿಸಬೇಕಾಗಿದ್ದಿತು. ಜಿರಲೆಗೂ ಇರುವೆಗೂ ಇಷ್ಟೊಂದು ದಾಕ್ಷಿಣ್ಯ ತೋರಿಸುವುದು ನಮ್ಮ ಮನೆಗಳಲ್ಲಿ ನಡೆಯುವ ಮಾತಲ್ಲ. ಹಾಗಿದ್ದರೂ ಹುಳುವನ್ನು ಕಂಡ ಕೂಡಲೆ ಕೈ ವಿಷದ ಡಬ್ಬಿಯ ಕಡೆಗೆ ಹೋಗಬೇಕಾಗಿಲ್ಲ ಎಂಬ ಪಾಠ ಆ ಮಗುವಿಗೆ ಅಕ್ಷರಕ್ಕಿಂತ ಮೊದಲೇ ಆಗಿದ್ದಿತು.

ಹನ್ನೊಂದನೆಯ ವಯಸ್ಸಿನಲ್ಲಿ, 1918ರಲ್ಲಿ, ಮಕ್ಕಳ ಪತ್ರಿಕೆಯೊಂದರಲ್ಲಿ ಆಕೆಯ ಮೊದಲ ಕಥೆ ಅಚ್ಚಾಯಿತು. ಅಂದಿನಿಂದ ತಾನು ಸಾಹಿತಿಯಾಗತಕ್ಕವಳೆಂಬುದರಲ್ಲಿ ಹುಡುಗಿಗೆ ಸಂಶಯವಿರಲಿಲ್ಲ. 1925ರಲ್ಲಿ ಪಿಟ್ಸ್‌ಬರ್ಗಿನ ಮಹಿಳಾ ಕಾಲೇಜನ್ನು ಸೇರಿದಾಗ ಆರಿಸಿಕೊಂಡುದು ಇಂಗ್ಲಿಷ್ ಸಾಹಿತ್ಯವನ್ನು. ಅಲ್ಲಿ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಿಕೆಯ ಜೀವಶಾಸ್ತ್ರದ ಪಾಠ ಆಕೆಯ ಮನಸ್ಸನ್ನು ಸೆಳೆಯಿತು, ಪಠ್ಯವನ್ನೇ ಬದಲಾಯಿಸಿಬಿಟ್ಟಳು. ಸಾಹಿತ್ಯವನ್ನು ಕೈಬಿಟ್ಟೆನಲ್ಲಾ ಎಂಬ ಅಳುಕು ಆಗ ಇದ್ದಿತಂತೆ. ಬರೆಯಲು ವಸ್ತು ದೊರೆತುದು ಆ ಬದಲಾವಣೆಯಿಂದಲೇ ಎಂಬುದು ಹಲವು ವರ್ಷಗಳ ಮೇಲೆ ಅರಿವಾಯಿತು. ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೆ ಇದು ಗಮನಿಸತಕ್ಕ ಸಂಗತಿ. ಅಂದು ಕೀಟನಾಶಕಗಳ ವಿಷಯವನ್ನು ಆಕೆಗಿಂತ ಹೆಚ್ಚಾಗಿ ಬಲ್ಲ ರಸಾಯನಶಾಸ್ತ್ರಜ್ಞರು ನೂರಾರು ಮಂದಿ ಇದ್ದರು. ಅದನ್ನು ಗೃಹಿಣಿಗೆ ತಿಳಿಯುವ ಭಾಷೆಯಲ್ಲಿ ಹೇಳಬಲ್ಲವರು ಇರಲಿಲ್ಲ.

1929ರಲ್ಲಿ ಪದವಿ ದೊರೆಯಿತು. ಆ ಬೇಸಗೆಯಲ್ಲಿಯೇ ವುಡ್ಸ್‌ಹೋಲ್ ಎಂಬಲ್ಲಿಯ ಸಮುದ್ರ ಜೀವಶಾಸ್ತ್ರ ಸಂಶೋಧನಾಲಯಕ್ಕೆ ಹೋದಾಗ ಆಕೆ ಮೊಟ್ಟಮೊದಲು ಕಡಲನ್ನು ಕಂಡಳು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಎಂ.ಎ. ಪದವಿ. ಮುಂದೆ ಓದಲು ಬಡತನ ಬಿಡಲಿಲ್ಲ. 1935ರಲ್ಲಿ ತಂದೆ ಹಠಾತ್ತನೆ ತೀರಿಕೊಂಡನು. ಮತ್ಸ್ಯ ಇಲಾಖೆಗೆ ರೇಡಿಯೋ ಭಾಷಣಗಳನ್ನು ಬರೆದುಕೊಡುವ ಕೆಲಸ ಸಿಕ್ಕಿತು. ಮರುವರ್ಷ ಪರೀಕ್ಷೆಯಲ್ಲಿ ಗೆದ್ದು ಅದೇ ಇಲಾಖೆಯಲ್ಲಿ ಜೀವಶಾಸ್ತ್ರಜ್ಞೆಯಾದಳು. 1937ರಲ್ಲಿ ಅಕ್ಕ ಮರಿಯನ್ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಸತ್ತಳು. ಮೂವತ್ತು ತುಂಬದ ತಂಗಿಯ ಸಂಬಳದ ಮೇಲೆ ಮುದಿ ತಾಯಿ, ಇಬ್ಬರು ತಬ್ಬಲಿ ಹುಡುಗಿಯರು, ಮನೆಯ ಬಾಡಿಗೆ. ಹಗಲು ಕಛೇರಿ, ರಾತ್ರಿ ಬರವಣಿಗೆ. ತನ್ನದೇ ಸಂಸಾರವನ್ನು ಕಟ್ಟಿಕೊಳ್ಳಲು ಆಕೆಗೆ ಬಿಡುವೇ ದೊರೆಯಲಿಲ್ಲ, ಮದುವೆಯಾಗದೆಯೇ ಉಳಿದಳು.

ಆಕೆಯ ಮೊದಲ ಪುಸ್ತಕ ಹೊರಬಿದ್ದುದು 1941ರ ನವೆಂಬರಿನಲ್ಲಿ. ಮರುತಿಂಗಳೇ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದು, ಕಡಲ ಹಕ್ಕಿಗಳ ಕಥೆಯನ್ನು ಕೇಳುವವರಿಲ್ಲದೆ ಹೋಯಿತು. ಹತ್ತು ವರ್ಷದ ಮೇಲೆ, 1951ರಲ್ಲಿ ಬಂದ ದಿ ಸೀ ಅರೌಂಡ್ ಅಸ್ ಎಂಬ ಗ್ರಂಥ ಮಾತ್ರ 86 ವಾರಗಳ ಕಾಲ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿ ನಿಂತಿತು. ಸಾಲ ತೀರಿತು. 1952ರಲ್ಲಿ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಮೇಯ್ನ್ ಸಂಸ್ಥಾನದ ಕಡಲ ಕರೆಯಲ್ಲಿ ಒಂದು ಚಿಕ್ಕ ಮನೆಯನ್ನು ಕಟ್ಟಿಸಿಕೊಂಡಳು. ಸೂಕ್ಷ್ಮದರ್ಶಕದ ಕೆಳಗೆ ನೋಡಲು ತಂದ ಕಡಲ ಜೀವಿಗಳನ್ನು ನಡುರಾತ್ರಿಯಾದರೂ ಸರಿಯೆ, ಬಂಡೆಗಳ ಮೇಲೆ ಜಾರುತ್ತ ಹೋಗಿ ಮತ್ತೆ ನೀರಿಗೆ ಬಿಟ್ಟು ಬರುತ್ತಿದ್ದಳೆಂದು ಹೇಳುತ್ತಾರೆ. ತಾಯಿ ಕಲಿಸಿದ ಪಾಠ!

ಹೀಗೆ ನೆಮ್ಮದಿ ಕೈಗೆ ಬಂದಿತೆನ್ನುವಾಗಲೇ, 1957ರ ಆದಿಯಲ್ಲಿ, ತಾನು ಸಾಕಿದ ಅಕ್ಕನ ಮಗಳಲ್ಲೊಬ್ಬಳು ಸತ್ತಳು. ಅವಳ ಮಗ ರೋಜರನಿಗೆ ಆಗ ಐದು ವರ್ಷ. ಐವತ್ತರ ಅಂಚಿನಲ್ಲಿದ್ದ ರೇಚೆಲ್ ಅವನನ್ನು ದತ್ತು ತೆಗೆದುಕೊಂಡಳು. ಒಂದು ಕಡೆ ತೊಂಬತ್ತಕ್ಕೆ ಸಮೀಪಿಸಿದ ತಾಯಿ, ಇನ್ನೊಂದು ಕಡೆ ಪದೇಪದೇ ನೆಗಡಿ ಕೆಮ್ಮಿನಿಂದ ಮಲಗುವ ಹುಡುಗ. ಈ ರೋಜರ್ ಇನ್ನೂ ಮಾತು ಬಾರದ ಕೂಸಾಗಿದ್ದಾಗ ಅವನನ್ನು ಹೊದಿಕೆಯಲ್ಲಿ ಸುತ್ತಿ, ಮಳೆಯ ರಾತ್ರಿಯಲ್ಲಿ ಅಲೆಗಳನ್ನು ತೋರಿಸಲು ಕಡಲ ದಂಡೆಗೆ ಎತ್ತಿಕೊಂಡು ಹೋಗಿದ್ದುದನ್ನು ಆಕೆ 1956ರಲ್ಲಿ ಒಂದು ಮಹಿಳಾ ಮಾಸಪತ್ರಿಕೆಗೆ ಬರೆದ ಪ್ರಬಂಧದಲ್ಲಿ ವರ್ಣಿಸಿದ್ದಳು. ಮಗುವಿಗೆ ಹಕ್ಕಿಯ ಹೆಸರನ್ನು ಕಲಿಸುವುದಕ್ಕಿಂತ ಹಕ್ಕಿಯನ್ನು ಕಂಡು ಬೆರಗಾಗುವುದನ್ನು ಉಳಿಸಿಕೊಡುವುದು ಹಿರಿಯರ ಕೆಲಸವೆಂಬುದು ಆ ಪ್ರಬಂಧದ ಸಾರ. ವಿಷವನ್ನು ಕುರಿತ ಗ್ರಂಥವನ್ನು ಬರೆದ ಕೈ ಇದೇ ಎಂಬುದನ್ನು ನೆನಪಿಡಬೇಕು.

ಇನ್ನು ಡಿ.ಡಿ.ಟಿ.ಯ ಮಾತು. ಅದಕ್ಕೆ ಕೀಟವನ್ನು ಕೊಲ್ಲುವ ಗುಣವುಂಟೆಂಬುದನ್ನು 1939ರಲ್ಲಿ ಕಂಡುಹಿಡಿದವನು ಸ್ವಿಟ್ಸರ್ಲೆಂಡಿನ ಪಾಲ್ ಮುಲ್ಲರ್. ಯುದ್ಧಕಾಲದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಜನರ ಮೈಮೇಲೆಯೇ ಈ ಪುಡಿಯನ್ನು ಎರಚಿ, ಹೇನುಗಳನ್ನು ಕೊಂದು, ಜ್ವರವನ್ನು ತಡೆದರು. ಮೈಮೇಲೆ ಹಾಕಿಕೊಂಡವರಿಗೆ ಏನೂ ಆಗಲಿಲ್ಲವಾದ್ದರಿಂದ ಇದು ಮನುಷ್ಯರಿಗೆ ನಿರಪಾಯಕರವೆಂಬ ನಂಬಿಕೆ ಹುಟ್ಟಿತು. 1948ರಲ್ಲಿ ಮುಲ್ಲರನಿಗೆ ನೊಬೆಲ್ ಪಾರಿತೋಷಕ ಬಂದಿತು. ಒಣಪುಡಿ ಚರ್ಮದೊಳಕ್ಕೆ ಅಷ್ಟಾಗಿ ಇಳಿಯದು. ಎಣ್ಣೆಯಲ್ಲಿ ಕರಗಿಸಿದರೆ ಇಳಿಯುತ್ತದೆ. ಒಳಗೆ ಹೋದುದು ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಅಲ್ಲಿಯೇ ಕೂರುತ್ತದೆ. ಈ ಭೇದವನ್ನು ವಿಚಾರಿಸುವಷ್ಟು ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಹೊಸ ಪದಾರ್ಥದ ಮೇಲೆ ಸರ್ಕಾರವೇ ನಡೆಸುತ್ತಿದ್ದ ಪರೀಕ್ಷೆಗಳನ್ನು ಕುರಿತು ಬರೆಯುತ್ತೇನೆಂದು ರೇಚೆಲ್ 1945ರಲ್ಲಿಯೇ ರೀಡರ್ಸ್ ಡೈಜೆಸ್ಟ್ ಪತ್ರಿಕೆಗೆ ಕೇಳಿಕೊಂಡಿದ್ದಳು. ಪತ್ರಿಕೆಗೆ ಅದು ಬೇಡವಾಯಿತು.

1958ರ ಜನವರಿಯಲ್ಲಿ ಮ್ಯಾಸಚುಸೆಟ್ಸ್ ಸಂಸ್ಥಾನದ ಡಕ್ಸ್‌ಬರಿಯಿಂದ ಓಲ್ಗಾ ಹಕಿನ್ಸ್ ಎಂಬ ಗೆಳತಿ ಬರೆದ ಕಾಗದದೊಂದಿಗೆ ಈ ವಿಷಯ ಆಕೆಯ ಬಳಿಗೆ ಮರಳಿ ಬಂದಿತು. ಸೊಳ್ಳೆಗಳನ್ನು ಕೊಲ್ಲಲು ವಿಮಾನದಿಂದ ಸಿಂಪಡಿಸಿದ ಮೇಲೆ ಹಕಿನ್ಸಳ ಮನೆಯ ಅಂಗಳದಲ್ಲಿಯೇ ಹಕ್ಕಿಗಳು ಸತ್ತು ಬಿದ್ದಿದ್ದವು. ಅದೇ ಕಾಲಕ್ಕೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಒಂದು ಮೊಕದ್ದಮೆ ನಡೆಯುತ್ತಿದ್ದಿತು. ಶಿಶುಪಾಲನೆಯ ಗ್ರಂಥದಿಂದ ಮನೆಮಾತಾದ ಡಾಕ್ಟರ್ ಬೆಂಜಮಿನ್ ಸ್ಪಾಕನ ಸೋದರಿ ಮಾರ್ಜೊರಿ ಸ್ಪಾಕಳೂ ಆಕೆಯ ಗೆಳತಿ ಮೇರಿ ರಿಚರ್ಡ್ಸಳೂ ಅಲ್ಲಿ ತೋಟ ಮಾಡಿಕೊಂಡಿದ್ದರು. ರಿಚರ್ಡ್ಸಳ ಮೈ ಸೂಕ್ಷ್ಮ. ರಾಸಾಯನಿಕ ಸೋಂಕದ ಆಹಾರವೇ ಬೇಕು. ಅದಕ್ಕಾಗಿ ಗೊಬ್ಬರವನ್ನು ತಾವೇ ಮಾಡಿ, ತರಕಾರಿಯನ್ನು ತಾವೇ ಬೆಳೆದು ಉಣ್ಣುತ್ತಿದ್ದ ಮನೆ ಅದು. 1957ರಲ್ಲಿ ಮರ ತಿನ್ನುವ ಒಂದು ಜಾತಿಯ ಪತಂಗವನ್ನು ನಾಶಮಾಡಲೆಂದು ಸರ್ಕಾರದ ವಿಮಾನಗಳು ಬಂದು ಎಣ್ಣೆಯಲ್ಲಿ ಕಲಸಿದ ಡಿ.ಡಿ.ಟಿ.ಯನ್ನು ಆ ತೋಟದ ಮೇಲೂ ಸುರಿದುಹೋದವು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನೆರೆಯವರನ್ನು ಕೂಡಿಕೊಂಡು ಇಬ್ಬರೂ ಕೋರ್ಟಿಗೆ ಹೋದರು, ಸೋತರು. 1960ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ವಿಚಾರಣೆಗೆ ಒಪ್ಪಲಿಲ್ಲ. ಆದರೆ ಆ ಮೊಕದ್ದಮೆಯ ಸಾಕ್ಷ್ಯಗಳನ್ನೆಲ್ಲ ಸ್ಪಾಕ್ ರೇಚೆಲಳಿಗೆ ಕಳುಹಿಸಿಕೊಡುತ್ತ ಬಂದಳು. ಗ್ರಂಥದ ಬೀಜ ಅದು.

ಮನೆಯನ್ನು ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡರೂ ಆಕಾಶದಿಂದ ಬೀಳುವುದನ್ನು ತಡೆಯುವುದು ಹೇಗೆ? ಈ ಪ್ರಶ್ನೆ ಇಪ್ಪತ್ತು ವರ್ಷ ತಡವಾಗಿ ಕನ್ನಡಿಗರ ಮನೆಬಾಗಿಲಿಗೂ ಬಂದಿತು. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪಡ್ರೆ ಮುಂತಾದ ಊರುಗಳಲ್ಲಿ ಕನ್ನಡ ತುಳು ಮಾತಾಡುವ ಸಂಸಾರಗಳು ವಾಸಿಸುವ ಗುಡ್ಡಗಳ ನೆತ್ತಿಯಲ್ಲಿ ಕೇರಳ ಸರ್ಕಾರದ ತೋಟಗಾರಿಕಾ ನಿಗಮದ ಗೇರುತೋಟಗಳಿವೆ. 1970ರ ದಶಕದ ಕೊನೆಯಿಂದ 2000ದವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೊಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಆ ಕಡೆ ಕುಡಿಯುವ ನೀರು ಬರುವುದು ಗುಡ್ಡದ ಹೊಟ್ಟೆಯನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ. ಸುರಂಗದ ನೀರು ಅಂಗಳದ ತೆರೆದ ತೊಟ್ಟಿಗೆ ಬಂದು ಬೀಳುತ್ತದೆ. ಮೇಲೆ ಸಿಂಪಡಿಸಿದುದು ಕೆಳಗಿನ ತೊಟ್ಟಿಯೊಳಕ್ಕೆ ಇಳಿಯಲು ಬೇರೆ ದಾರಿ ಬೇಕಾಗಿರಲಿಲ್ಲ. ಮೊದಮೊದಲು ಅಂಗವಿಕಲ ಕರುಗಳು ಹುಟ್ಟಿದವು. 1979ರಷ್ಟು ಹಿಂದೆಯೇ ಪತ್ರಕರ್ತರಾದ ಶ್ರೀಪಡ್ರೆಯವರು ಇದನ್ನು ಬರೆದರು. ಆಮೇಲೆ ಮಕ್ಕಳ ಸರದಿ. ಊರಿನಲ್ಲಿ ವೈದ್ಯ ಮಾಡುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರು ಒಂದೇ ಸೀಮೆಯಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್‌ಗಳೇಕೆಂದು ಕೇಳತೊಡಗಿದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಿನ ಗೇರುತೋಟಗಳ ಬಳಿಯೂ ಇದೇ ಗೋಳು. 2011ರ ಮೇ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಎಂಡೊಸಲ್ಫಾನನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಕಾಸರಗೋಡಿನ ತಾಯಂದಿರ ಹೋರಾಟದ ಕಥೆ ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟಿದೆ. ಇಲ್ಲಿ ರೇಚೆಲಳ ಕಡೆಗೆ ಮರಳುವುದು ಒಳಿತು.

ನಾಲ್ಕು ವರ್ಷಗಳ ಕಾಲ ಆಕೆ ಸಾಮಗ್ರಿಯನ್ನು ಕಲೆಹಾಕಿದಳು. ನಡುವೆ 1958ರ ಡಿಸೆಂಬರಿನಲ್ಲಿ ತಾಯಿ ತೀರಿಕೊಂಡಳು. 1960ರಲ್ಲಿ ಆಕೆಗೇ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ರೋಗ ಇಂತಹುದೆಂದು ವೈದ್ಯರು ಮೊದಲು ಆಕೆಗೆ ನಿಜವನ್ನು ತಿಳಿಸಲಿಲ್ಲ. ತಿಳಿದ ಮೇಲೆ ಆಕೆ ಅದನ್ನು ಲೋಕದಿಂದ ಬಚ್ಚಿಟ್ಟಳು. ಕ್ಯಾನ್ಸರನ್ನು ಕುರಿತು ಬರೆಯುವವಳಿಗೇ ಕ್ಯಾನ್ಸರೆಂದು ಗೊತ್ತಾದರೆ ಸೇಡಿಗಾಗಿ ಬರೆದಳೆಂದು ವಿರೋಧಿಗಳು ಆಡಿಯಾರೆಂಬ ಭಯ. ಕಣ್ಣು ಉರಿ, ಕೀಲು ಬಾವು, ಕ್ಷಕಿರಣ ಚಿಕಿತ್ಸೆಯ ಸುಸ್ತು. ಕೆಲವು ದಿನ ತಾನು ಬರೆದುದನ್ನು ಬೇರೆಯವರಿಂದ ಓದಿಸಿ ಕೇಳಿ ತಿದ್ದಬೇಕಾಯಿತು. ಇದರ ನಡುವೆ ಹುಡುಗನಿಗೆ ಊಟ, ಶಾಲೆ, ಜ್ವರ.

1962ರ ಜೂನ್ ತಿಂಗಳಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಕಂತುಗಳಾಗಿಯೂ ಸೆಪ್ಟೆಂಬರ್ 27ರಂದು ಪುಸ್ತಕವಾಗಿಯೂ ಸೈಲೆಂಟ್ ಸ್ಪ್ರಿಂಗ್ ಪ್ರಕಟವಾಯಿತು. ಹಕ್ಕಿಗಳ ದನಿಯಿಲ್ಲದೆ ಮೂಕವಾದ ವಸಂತ ಎಂಬುದು ಹೆಸರಿನ ಅರ್ಥ. ಹೆಸರನ್ನು ಕೇಳಿದವರು ಅದು ಹಕ್ಕಿಗಳ ಪುಸ್ತಕವೆಂದು ತಿಳಿಯುತ್ತಾರೆ. ಹಕ್ಕಿಗಳ ಅಧ್ಯಾಯ ಪ್ರಸಿದ್ಧವಾದುದು, ನಿಜ. ಆದರೆ ಮನೆಯನ್ನು ಕುರಿತ ಅಧ್ಯಾಯ ನನಗೆ ಅದಕ್ಕಿಂತಲೂ ಮುಖ್ಯವೆನಿಸುತ್ತದೆ. ಅಂದಿನ ಅಮೆರಿಕೆಯ ಗೃಹಿಣಿ ಅಡಿಗೆಮನೆಯ ಬಡುವಿನ ಮೇಲೆ ಹಾಸುವ ಕಾಗದ ಕೀಟನಾಶಕದಲ್ಲಿ ಅದ್ದಿದುದು. ನೆಲಕ್ಕೆ ತಿಕ್ಕುವ ಮೇಣದಲ್ಲಿ ಮೇಲೆ ನಡೆದ ಹುಳುವನ್ನು ಕೊಲ್ಲುವ ವಿಷ. ಬೀರುವಿನಲ್ಲಿ ತೂಗುಹಾಕುವ ಪಟ್ಟಿಯಲ್ಲಿ ಲಿಂಡೇನ್. ತೋಟಕ್ಕೆ ನೀರು ಬಿಡುವ ಕೊಳವೆಯ ತುದಿಗೇ ಸಿಕ್ಕಿಸುವ ವಿಷದ ಸೀಸೆ. ದಿನಸಿ ಅಂಗಡಿಯಲ್ಲಿ ಇವೆಲ್ಲ ಉಪ್ಪಿನಕಾಯಿ ಸೋಪುಗಳ ಪಕ್ಕದ ಸಾಲಿನಲ್ಲಿ, ಗಾಜಿನ ಸೀಸೆಗಳಲ್ಲಿ, ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಇದ್ದವು. ಸೀಸೆಯ ಮೇಲಿನ ಚಿತ್ರದಲ್ಲಿ ತಂದೆ ನಗುನಗುತ್ತ ಹುಲ್ಲಿಗೆ ವಿಷ ಎರಚಲು ಸಿದ್ಧನಾಗಿರುತ್ತಾನೆ. ಮಕ್ಕಳು ನಾಯಿಯೊಡನೆ ಅದೇ ಹುಲ್ಲಿನ ಮೇಲೆ ಉರುಳಾಡುತ್ತಿರುತ್ತಾರೆ. ಎಚ್ಚರಿಕೆಯ ಮಾತು ಎಲ್ಲೋ ಹಿಂಬದಿಯಲ್ಲಿ, ಭೂತಗನ್ನಡಿಯಿಲ್ಲದೆ ಓದಲಾಗದ ಅಕ್ಷರದಲ್ಲಿ.

ಅಮೆರಿಕೆಯಿಂದ ವೆನಿಜುವೇಲ ದೇಶಕ್ಕೆ ಹೋಗಿ ನೆಲೆಸಿದ ಒಂದು ಸಂಸಾರದ ಕಥೆಯನ್ನು ಆಕೆ ಹೇಳುತ್ತಾಳೆ. ಹೊಸ ಮನೆಯಲ್ಲಿ ಜಿರಲೆಗಳ ಕಾಟ. ಕೆಲವು ದಿನ ಕಳೆದು ಎಂಡ್ರಿನ್ ಸಿಂಪಡಿಸಿದರು. ತಂದೆತಾಯಿ ಅಜಾಗ್ರತರೇನಲ್ಲ. ಬೆಳಿಗ್ಗೆಯೇ ಒಂದು ವರ್ಷದ ಮಗುವನ್ನೂ ಸಾಕುನಾಯಿಯನ್ನೂ ಹೊರಗೆ ಕಳುಹಿಸಿದ್ದರು. ಸಿಂಪಡಿಸಿದ ಮೇಲೆ ನೆಲವನ್ನು ತೊಳೆಸಿದ್ದರು. ಮಧ್ಯಾಹ್ನ ಮಗುವೂ ನಾಯಿಯೂ ಒಳಗೆ ಬಂದವು. ಗಂಟೆಯೊಂದು ಕಳೆಯುವುದರಲ್ಲಿ ನಾಯಿ ವಾಂತಿ ಮಾಡಿ, ಸೆಟೆದು, ಸತ್ತಿತು. ರಾತ್ರಿ ಹತ್ತರ ಹೊತ್ತಿಗೆ ಮಗುವಿಗೂ ವಾಂತಿ, ಸೆಳವು, ಪ್ರಜ್ಞೆ ತಪ್ಪಿತು. ಪ್ರಾಣವೇನೋ ಉಳಿಯಿತು. ಆದರೆ ಆ ಮಗು ಆಮೇಲೆ ಕಾಣಲೂ ಇಲ್ಲ, ಕೇಳಲೂ ಇಲ್ಲ, ತಾಯಿಯನ್ನು ಗುರುತಿಸಲೂ ಇಲ್ಲ. ಎಂಡ್ರಿನ್ ಎಂಬ ಹೆಸರು ನಮ್ಮ ಹಳ್ಳಿಯ ಹಿರಿಯರಿಗೆ ಹೊಸದಲ್ಲ. ಒಂದು ಕಾಲಕ್ಕೆ ಬಾಳು ಬೇಸರವಾದವರು ಕುಡಿಯುತ್ತಿದ್ದ ವಿಷಕ್ಕೆಲ್ಲ ಜನ ಅದೇ ಹೆಸರನ್ನು ಹೇಳುತ್ತಿದ್ದರು. ಭಾರತದಲ್ಲಿ ಅದರ ನಿಷೇಧವಾದುದು 1990ರಲ್ಲಿ.

ತಾಯಿಯ ಹಾಲಿನಲ್ಲಿಯೂ ಕೀಟನಾಶಕದ ಅಂಶ ಕಂಡುಬಂದುದನ್ನು, ಹುಟ್ಟುವ ಮುಂಚೆಯೇ ಕೂಸಿಗೆ ಅದರ ಪಾಲು ಸಲ್ಲುವುದನ್ನು ಆಕೆ ಒಂದಿಷ್ಟೂ ಆವೇಶವಿಲ್ಲದೆ ವಿವರಿಸುತ್ತಾಳೆ. ಇವುಗಳನ್ನು ಕೀಟನಾಶಕವೆನ್ನುವುದೇ ತಪ್ಪು, ಜೀವನಾಶಕವೆನ್ನಬೇಕು ಎಂಬುದು ಆಕೆಯ ಸೂಚನೆ. ಔಷಧಿಯೆಂದು ಕರೆಯುವ ನಾವು ಈ ಮಾತನ್ನು ಯೋಚಿಸಬೇಕಾದುದೇ. ಕೂಡಿಟ್ಟ ಕಾಳಿಗೆ ಬೇವಿನೆಲೆ ಲಕ್ಕಿಸೊಪ್ಪುಗಳನ್ನು ಬೆರೆಸಿ, ರಾಗಿಯನ್ನು ಹಗೇವಿನಲ್ಲಿ ತುಂಬಿ, ಸೊಳ್ಳೆಗೆ ಪರದೆ ಕಟ್ಟಿಕೊಂಡು ಬಾಳಿದ ಮನೆಗಳು ನಮ್ಮಲ್ಲಿ ಇದ್ದವು. ಹಾಗೆಂದು ಹಿಂದಿನದೆಲ್ಲ ಹಿತವೆಂದು ಸಾಧಿಸಹೊರಟರೆ ಅದೂ ಸುಳ್ಳೇ. ಹಸಿ ಸೌದೆಯ ಒಲೆಯ ಮುಂದೆ ಕುಳಿತು ನಮ್ಮ ಅಜ್ಜಿಯರು ನುಂಗಿದ ಹೊಗೆಯೂ ಒಂದು ವಿಷವೇ. ಹಳೆಯದೋ ಹೊಸದೋ ಎಂದು ರೇಚೆಲ್ ಕೇಳಲಿಲ್ಲ. ಮನೆಯೊಳಕ್ಕೆ ಬರುವ ಪದಾರ್ಥ ಏನೆಂಬುದನ್ನು ತಿಳಿಯುವ ಹಕ್ಕು ಮನೆಯವರಿಗೆ ಇದೆಯೋ ಇಲ್ಲವೋ ಎಂದು ಕೇಳಿದಳು.

ಆಕೆಯ ಮೇಲೆ ಹೊರಿಸುವ ಒಂದು ದೊಡ್ಡ ಆರೋಪವನ್ನು ಇಲ್ಲಿ ಎದುರಿಸಬೇಕು. ಡಿ.ಡಿ.ಟಿ.ಯನ್ನು ಬೈದು ಬಡದೇಶಗಳ ಮಲೇರಿಯ ರೋಗಿಗಳನ್ನು ಸಾವಿಗೆ ತಳ್ಳಿದಳೆಂದು ಇಂದಿಗೂ ದೂರುವವರಿದ್ದಾರೆ. ಚಳಿಜ್ವರಕ್ಕೆ ಊರೂರೇ ಪಾಳುಬಿದ್ದುದನ್ನು ಕಂಡ ಮಲೆನಾಡಿನವರೂ ಕಾಡಂಚಿನವರೂ ಡಿ.ಡಿ.ಟಿ.ಯ ಉಪಕಾರವನ್ನು ಮರೆಯಲಾರರು, ಮರೆಯಲೂ ಬಾರದು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಯೋಜನೆ ಆರಂಭವಾಗುವ ಮುನ್ನ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಆ ಜ್ವರಕ್ಕೆ ಸಿಕ್ಕಿ, 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಹೊಡೆದುದರಿಂದ 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಆದರೆ 1976ರಲ್ಲಿ ಅದು ಮತ್ತೆ 64 ಲಕ್ಷಕ್ಕೆ ಏರಿತು. ಏರಿದುದಕ್ಕೆ ಕಾರಣಗಳು ಹಲವು; ಸೊಳ್ಳೆಗಳು ವಿಷಕ್ಕೆ ಒಗ್ಗಿಕೊಂಡುದು ಅವುಗಳಲ್ಲೊಂದು. ರೇಚೆಲ್ 1962ರಲ್ಲಿಯೇ ಎಚ್ಚರಿಸಿದ್ದುದು ಇದನ್ನೇ. ಹೊಲಕ್ಕೂ ಅಂಗಳಕ್ಕೂ ಲೆಕ್ಕವಿಲ್ಲದೆ ಸುರಿದರೆ ನಿಜವಾಗಿ ಬೇಕಾದ ದಿನ ಅದು ಕೈಕೊಡುತ್ತದೆ ಎಂಬುದು ಆಕೆಯ ವಾದ. ರೋಗ ಹರಡುವ ಕೀಟಗಳನ್ನು ಬಿಟ್ಟುಬಿಡಿ ಎಂದಾಗಲಿ, ಕೀಟನಾಶಕವನ್ನು ಎಂದೂ ಮುಟ್ಟಬೇಡಿ ಎಂದಾಗಲಿ ಆಕೆ ಎಲ್ಲಿಯೂ ಬರೆದಿಲ್ಲ. 1989ರಲ್ಲಿ ಭಾರತವು ಡಿ.ಡಿ.ಟಿ.ಯನ್ನು ಬೇಸಾಯಕ್ಕೆ ನಿಷೇಧಿಸಿ ರೋಗನಿವಾರಣೆಗೆ ಮಾತ್ರ ಉಳಿಸಿಕೊಂಡುದು ಆಕೆಯ ವಾದಕ್ಕೆ ಹತ್ತಿರವಾದ ದಾರಿಯೇ. ಕ್ಯಾನ್ಸರನ್ನು ಕುರಿತು ಆಕೆ ಬರೆದುದರಲ್ಲಿ ಕೆಲವಂಶಗಳು ಅಂದಿಗೆ ದೊರೆತ ಅರೆಬರೆ ಆಧಾರದ ಮೇಲೆ ನಿಂತಿದ್ದವು ಎಂಬುದನ್ನೂ ಒಪ್ಪಬೇಕು.

ರಾಸಾಯನಿಕ ಕಂಪನಿಗಳು ಸುಮ್ಮನಿರಲಿಲ್ಲ. ಒಂದು ಕಂಪನಿ ಪುಸ್ತಕ ಹೊರಬೀಳುವ ಮೊದಲೇ ಪ್ರಕಾಶಕರನ್ನು ಬೆದರಿಸಿತು. ಮತ್ತೊಂದು, ಕೀಟನಾಶಕವಿಲ್ಲದ ಲೋಕ ಹುಳುಗಳ ಪಾಲಾಗುವುದನ್ನು ಬಣ್ಣಿಸುವ ಅಣಕ ಬರಹವನ್ನು ಹಂಚಿತು. ಹೆಂಗಸು, ಡಾಕ್ಟರೇಟ್ ಪದವಿಯಿಲ್ಲದವಳು, ಭಾವುಕಳು ಎಂದು ಮೂದಲಿಸಿದರು. ಮದುವೆಯಾಗದವಳಿಗೆ ಮುಂದಿನ ಪೀಳಿಗೆಯ ಚಿಂತೆ ಏತಕ್ಕೆಂದು ಹಂಗಿಸಿದವರೂ ಇದ್ದರಂತೆ. ಅವಳ ಮನೆಯಲ್ಲಿ ಹತ್ತು ವರ್ಷದ ಮಗನೊಬ್ಬ ಬೆಳೆಯುತ್ತಿದ್ದುದು ಅವರಿಗೆ ತಿಳಿದಿರಲಿಲ್ಲವೋ, ಬೇಕಾಗಿರಲಿಲ್ಲವೋ! 1963ರ ಏಪ್ರಿಲ್ 3ರಂದು ಟೆಲಿವಿಷನ್ನಿನಲ್ಲಿ ಆಕೆಯನ್ನು ಕುರಿತ ಕಾರ್ಯಕ್ರಮ ಬಿತ್ತರಗೊಳ್ಳುವುದಕ್ಕೆ ಮುಂಚೆ ಐದು ಜಾಹೀರಾತುದಾರರಲ್ಲಿ ಮೂವರು ಹಿಂದೆ ಸರಿದರು. ಮನೆ ತೊಳೆಯುವ ಲೈಸಾಲನ್ನು ತಯಾರಿಸುವ ಕಂಪನಿಯೂ ಅವರಲ್ಲೊಂದು. ಕಾರ್ಯಕ್ರಮವನ್ನು ಲಕ್ಷಾಂತರ ಮಂದಿ ನೋಡಿದರು. ಮೆಲುದನಿಯಲ್ಲಿ, ಅಳೆದು ತೂಗಿ ಮಾತಾಡುವ ಈ ಹೆಂಗಸು ಹುಚ್ಚಿಯೆಂದು ಆಮೇಲೆ ಯಾರೂ ನಂಬುವಂತಿರಲಿಲ್ಲ. ಆಕೆಯ ತಲೆಯ ಮೇಲಿದ್ದುದು ಕಟ್ಟಿದ ಕೂದಲೆಂದು, ಚಿಕಿತ್ಸೆಯಿಂದ ತನ್ನದು ಉದುರಿಹೋಗಿದ್ದಿತೆಂದು ನೋಡಿದವರಿಗೆ ತಿಳಿಯದು. ಮೇ 15ರಂದು ಅಧ್ಯಕ್ಷ ಕೆನೆಡಿಯ ವಿಜ್ಞಾನ ಸಲಹಾ ಸಮಿತಿಯ ವರದಿ ಬಂದು ಆಕೆಯ ಮಾತನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಜೂನ್ ತಿಂಗಳಲ್ಲಿ ಸೆನೆಟ್ಟಿನ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದಾಗ ಆಕೆ ಕೇಳಿದುದರಲ್ಲಿ ಒಂದು ಇದು: ಪರರು ಎರಚುವ ವಿಷದಿಂದ ತನ್ನ ಮನೆಯಲ್ಲಿ ತಾನು ಸುರಕ್ಷಿತನಾಗಿರುವ ಹಕ್ಕು ಪ್ರಜೆಗೆ ಇರಬೇಕು. ಲಾಂಗ್ ಐಲೆಂಡಿನ ಇಬ್ಬರು ಹೆಂಗಸರು ಕೋರ್ಟಿನಲ್ಲಿ ಸೋತಿದ್ದುದು ಇದೇ ಹಕ್ಕಿಗಾಗಿ.

ಆ ಬೇಸಗೆಯಲ್ಲಿ ಆಕೆ ಕೊನೆಯ ಸಲ ಮೇಯ್ನಿನ ಮನೆಗೆ ಹೋದಳು. ಬಂಡೆಗಳ ನಡುವಿನ ಮಡುಗಳವರೆಗೆ ಇಳಿಯಲು ಶಕ್ತಿಯಿರಲಿಲ್ಲ. 1964ರ ಏಪ್ರಿಲ್ 14ರಂದು ಮೇರಿಲೆಂಡ್ ಸಂಸ್ಥಾನದ ಸಿಲ್ವರ್ ಸ್ಪ್ರಿಂಗಿನ ತನ್ನ ಮನೆಯಲ್ಲಿ ತೀರಿಕೊಂಡಳು, 57 ತುಂಬಿರಲಿಲ್ಲ. 1970ರಲ್ಲಿ ಅಮೆರಿಕೆಯಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿತು; 1972ರಲ್ಲಿ ಅದು ಡಿ.ಡಿ.ಟಿ.ಯ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಹನ್ನೆರಡು ವರ್ಷದ ರೋಜರನನ್ನು ಆಕೆಯ ಪುಸ್ತಕಗಳ ಸಂಪಾದಕನಾಗಿದ್ದ ಪಾಲ್ ಬ್ರೂಕ್ಸನೂ ಅವನ ಹೆಂಡತಿಯೂ ತಮ್ಮ ಮನೆಗೆ ಕರೆದುಕೊಂಡು ಹೋಗಿ ಬೆಳೆಸಿದರು. ಚಿತಾಭಸ್ಮದಲ್ಲಿ ಅರ್ಧವನ್ನು ತಾಯಿಯ ಸಮಾಧಿಯ ಪಕ್ಕದಲ್ಲಿ ಹೂಳಿದರು. ಉಳಿದರ್ಧವನ್ನು ಗೆಳತಿ ಡಾರತಿ ಫ್ರೀಮನ್ ಮೇಯ್ನಿಗೆ ಕೊಂಡೊಯ್ದು, ಅವರಿಬ್ಬರೂ ಕುಳಿತುಕೊಳ್ಳುತ್ತಿದ್ದ ಬಂಡೆಗಳ ಬಳಿ ಕಡಲಿಗೆ ಬಿಟ್ಟಳು.